ಕೋವಿಯ ಕಿವಿ ಖಾಲಿ ಇರಲಿ

ಕೇಳುಗರಿಗೆ ನಮಸ್ಕಾರ. ಚಕಮಕಿ ಕಲ್ಲಿನ ಕೋವಿಗೆ ಮದ್ದು ಆರಿಸುವುದು ಹೇಗೆ, ತುಂಬುವುದು ಹೇಗೆ ಅಂತ ಹೇಳಲು ಇವತ್ತು ಬಂದಿದ್ದೇನೆ. ಈಗಷ್ಟೇ ಇಂಥ ಕೋವಿ ಕೈಗೆತ್ತಿಕೊಂಡವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇನೆ. ಟ್ರಿಗರ್ ಎಳೆದಿರಿ. ಬಟ್ಟಲಲ್ಲಿ ಭುಸ್ ಅಂತ ಬೆಂಕಿ ಎದ್ದಿತು, ನಳಿಗೆ ಸುಮ್ಮನೆ ಕೂತಿತು. ಇಲ್ಲವೇ ಭುಸ್ ಅಂದು, ಒಂದು ಗಳಿಗೆ ತಡೆದು, ಆಮೇಲೆ ಢಂ ಅಂದಿತು. ಅಷ್ಟರಲ್ಲಿ ಕೈ ಅಲುಗಿ ಗುರಿ ತಪ್ಪಿತ್ತು. ನಿಮಗೂ ಹೀಗೆ ಆಗಿದೆ ಅಲ್ವಾ? ಹಾಗಿದ್ದರೆ ಒಂದು ಮಾತು ನೆನಪಿಟ್ಟುಕೊಳ್ಳಿ. ಕೋವಿಯ ಕಿವಿ ಖಾಲಿ ಇರಲಿ.

ಕಿವಿ ಅಂದರೆ ನಳಿಗೆಯ ಬುಡದಲ್ಲಿ, ಪಕ್ಕಕ್ಕೆ ಇರುವ ಸಣ್ಣ ತೂತು. ಒಂದೂವರೆ, ಎರಡು ಮಿಲಿಮೀಟರ್ ಅಗಲ, ಅಷ್ಟೆ. ಅದರ ಹೊರಗಡೆ ಒಂದು ಪುಟ್ಟ ಬಟ್ಟಲು. ಅದಕ್ಕೆ ಹಾಕುವ ನುಣುಪು ಮದ್ದಿಗೆ ರಂಜಕ ಅನ್ನುತ್ತಾರೆ. ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿಯುವ ಸುತ್ತಿಗೆಗೆ ಕುದುರೆ ಅನ್ನುತ್ತಾರೆ. ಅದರ ಬಾಯಲ್ಲಿರುವ ಕಲ್ಲು ಉಕ್ಕಿನ ಮುಚ್ಚಳವನ್ನು ಕೆರೆಯುತ್ತದೆ. ಉಕ್ಕಿನ ಚೂರುಗಳೇ ಕಿಡಿಯಾಗಿ ಬಟ್ಟಲಿಗೆ ಬೀಳುತ್ತವೆ. ರಂಜಕ ಹೊತ್ತಿಕೊಳ್ಳುತ್ತದೆ, ಅದರ ಉರಿ ಕಿವಿಯ ಮೂಲಕ ಒಳಗಿನ ಮದ್ದಿಗೆ ತಾಗುತ್ತದೆ. ಕಿವಿ ಖಾಲಿ ಇದ್ದರೆ ಉರಿ ಒಂದೇ ನೆಗೆತಕ್ಕೆ ಒಳಗೆ ಹೋಗುತ್ತದೆ. ಕಿವಿಯೊಳಗೆ ಮದ್ದು ತುಂಬಿಕೊಂಡಿದ್ದರೆ ಒಂದೊಂದೇ ಕಾಳು ಸುಟ್ಟುಕೊಂಡು ಹೋಗಬೇಕು, ಪಟಾಕಿಯ ಬತ್ತಿಯ ಹಾಗೆ. ಆ ತಡ ಬರುವುದು ಅಲ್ಲಿಂದಲೇ.

ಇನ್ನು ಮದ್ದು ಆರಿಸುವ ವಿಷಯ. ಚಕಮಕಿ ಕೋವಿಗೆ ನಿಜವಾದ ಕರಿಮದ್ದೇ ಬೇಕು. ಪೆಟ್ಲುಪ್ಪು 75 ಪಾಲು, ಇದ್ದಿಲು 15, ಗಂಧಕ 10, ಇದು ಹಳೆಯ ಲೆಕ್ಕ. ಮನೆಯಲ್ಲಿ ಮಾಡಲು ಮಾತ್ರ ಹೋಗಬೇಡಿ, ಕಾರ್ಖಾನೆಯಲ್ಲಿ ತಯಾರಾದದ್ದನ್ನೇ ಬಳಸಿ. ಕರಿಮದ್ದಿಗೆ ಬದಲಾಗಿ ಸಿಗುವ ಹೊಸ ಪುಡಿಗಳು ಹೊತ್ತಿಕೊಳ್ಳಲು ಜಾಸ್ತಿ ಬಿಸಿ ಕೇಳುತ್ತವೆ. ಕಲ್ಲಿನ ಬದಲು ಸಿಡಿಯುವ ಪುಟ್ಟ ಕೇಪಿನಿಂದ ಹೊತ್ತುವ ಕೋವಿಗೆ ಅವು ನಡೆಯಬಹುದು, ಕಲ್ಲಿನ ಕಿಡಿಗೆ ಜಗ್ಗುವುದಿಲ್ಲ. ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನಂತೂ ಒಂದು ಚಿಟಿಕೆಯೂ ಹಾಕಬೇಡಿ. ನಳಿಗೆ ಸಿಡಿಯುತ್ತದೆ, ಕೈ ಹೋಗುತ್ತದೆ.

ಡಬ್ಬಿಯ ಮೇಲೆ 1ಎಫ್, 2ಎಫ್, 3ಎಫ್, 4ಎಫ್ ಅಂತ ಬರೆದಿರುತ್ತದೆ. ಅಂಕಿ ಹೆಚ್ಚಾದಂತೆ ಕಾಳು ಸಣ್ಣದು. ಕಾಳು ಸಣ್ಣದಾದಷ್ಟೂ ಬೇಗ ಸುಡುತ್ತದೆ, ನಳಿಗೆಯ ಮೇಲೆ ಒತ್ತಡವೂ ಹೆಚ್ಚು. ನಳಿಗೆಯ ಬಾಯಿ ಅರ್ಧ ಇಂಚಿಗಿಂತ ದೊಡ್ಡದಿದ್ದರೆ 2ಎಫ್, ಸಣ್ಣದಿದ್ದರೆ 3ಎಫ್. 4ಎಫ್ ಬಟ್ಟಲಿಗೆ ಮಾತ್ರ, ನಳಿಗೆಗೆ ಬೇಡ.

ಹಿಂದೊಮ್ಮೆ ಒಂದು ಗುರಿ ಸ್ಪರ್ಧೆಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಒಬ್ಬ ಹುಡುಗ ನಿಂತಿದ್ದ. ಚೆಂದದ ಕೋವಿ, ಹೊಸ ಕಲ್ಲು, ಕಿಡಿಯೂ ಧಾರಾಳ. ಮೊದಲ ಈಡಿಗೆ ಭುಸ್ ಅಂದಿತು, ಅಷ್ಟೆ. ಅವನು ರಂಜಕ ಸ್ವಲ್ಪ ಜಾಸ್ತಿ ಹಾಕಿದ. ಮತ್ತೆ ಭುಸ್. ಇನ್ನೂ ಜಾಸ್ತಿ ಹಾಕಿದ. ಮೂರನೇ ಸಲ ಬಟ್ಟಲು ಉಕ್ಕುವಷ್ಟು ಸುರಿದು, ಮುಚ್ಚಳ ಮುಚ್ಚಿ, ಕೋವಿಯನ್ನು ಓರೆ ಮಾಡಿ ಪಕ್ಕಕ್ಕೆ ಪಟಪಟ ತಟ್ಟಿದ. "ಯಾಕಪ್ಪಾ ತಟ್ಟುತ್ತೀಯ?" ಅಂದೆ. "ಮದ್ದು ಕಿವಿಯೊಳಗೆ ಇಳಿಯಲಿ ಅಂತ" ಅಂದ. ನಾನು ಮುಂದಿನ ಮಾತಾಡುವ ಮೊದಲೇ ಟ್ರಿಗರ್ ಎಳೆದ. ಭುಸ್ ಅಂದಿತು. ಏನೂ ಆಗಲಿಲ್ಲ ಅಂದುಕೊಂಡು ಅವನು ಕೋವಿ ಇಳಿಸಲು ಹೊರಟ. ಇಳಿಸಬೇಡ ಅಂತ ನಾನು ಕೂಗಿದೆ. ಕೂಗು ಮುಗಿಯುವುದರೊಳಗೆ ಢಂ! ಗುಂಡು ಗುರಿಯ ಮುಂದಿನ ಮಣ್ಣಿಗೆ ಹೊಕ್ಕಿತು. ಪುಣ್ಯಕ್ಕೆ ನಳಿಗೆ ಇನ್ನೂ ಮುಂದಕ್ಕೇ ಇತ್ತು. ಅವನ ಮುಖ ಬಿಳಿಚಿಹೋಗಿತ್ತು, ನನ್ನದೂ ಹಾಗೇ ಇದ್ದಿರಬೇಕು.

ಆಮೇಲೆ ಅವನನ್ನು ಕೂರಿಸಿಕೊಂಡು ಮೊದಲಿಂದ ತೋರಿಸಿದೆ. ತೆಳು ಹಿತ್ತಾಳೆ ತಂತಿಯಿಂದ ಕಿವಿ ಕೆದಕಿದೆ. ಅಂಟಂಟು ಕಪ್ಪು ಮಸಿ ಹೊರಬಂತು. ಈಡು ತುಂಬುವಾಗ ಆ ತಂತಿಯನ್ನು ಕಿವಿಯಲ್ಲೇ ಇಟ್ಟು, ಗುಂಡು ಕೂತ ಮೇಲೆ ಎಳೆದೆ. ಒಳಗಿನ ಮದ್ದಿನವರೆಗೆ ನೇರ ದಾರಿಯಾಯಿತು. ರಂಜಕ ಅರ್ಧ ಬಟ್ಟಲು, ಕಿವಿಗಿಂತ ಕೆಳಗೆ. "ಇಷ್ಟೇ ಸಾಕಾ?" ಅಂತ ಅನುಮಾನದಿಂದ ನೋಡಿದ. ಸಾಕು ಅಂದೆ. ಎಳೆದ. ಭುಸ್ ಮತ್ತು ಢಂ ಎರಡೂ ಸೇರಿ ಒಂದೇ ಸದ್ದು! ಆ ಸದ್ದು ಕೇಳಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಅವತ್ತು ಅವನು ಇನ್ನೂ ಏಳು ಈಡು ಹೊಡೆದ, ಒಂದೂ ತಪ್ಪಲಿಲ್ಲ. ರಂಜಕ ಜಾಸ್ತಿ ಆದರೆ ಕೆಲಸ ಚೆನ್ನಾಗಿ ಆಗುತ್ತದೆ ಅಂತ ಯಾರು ಹೇಳಿಕೊಡುತ್ತಾರೋ ಗೊತ್ತಿಲ್ಲ. ದಯವಿಟ್ಟು ಆ ಮಾತು ಬಿಡಿ. ಕಿವಿ ಖಾಲಿ ಇರಲಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೊದಲು ಗಜ, ಅಂದರೆ ಈಡು ತಳ್ಳುವ ಉದ್ದ ಕೋಲು, ಇಳಿಸಿ ನಳಿಗೆ ಖಾಲಿ ಇದೆಯಾ ನೋಡಿ. ಹಿಂದಿನ ಈಡಿನ ಕೆಂಡ ಒಳಗಿರಬಹುದು, ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಮದ್ದಿನ ಕೊಂಬಿನಿಂದ ನೇರ ನಳಿಗೆಗೆ ಸುರಿಯಬೇಡಿ. ಒಂದು ಕೆಂಡ ಸಾಕು, ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ. ಅಳತೆ ಪಾತ್ರೆಗೆ ಸುರಿದು, ಅದರಿಂದ ನಳಿಗೆಗೆ. ಎಷ್ಟು ಅಂತ ಕೋವಿ ತಯಾರಿಸಿದವರೇ ಹೇಳಿರುತ್ತಾರೆ, ಅದರಲ್ಲಿ ಕಡಿಮೆ ಅಳತೆಯಿಂದ ಶುರುಮಾಡಿ. ಮುಖ ನಳಿಗೆಯ ಬಾಯಿಗೆ ಅಡ್ಡ ಬರಬಾರದು. ಗುಂಡು ಮದ್ದಿಗೆ ತಾಗಿ ಕೂರಬೇಕು, ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು. ಸರಿಯಾಗಿ ಕೂತಾಗ ಗಜದ ಮೇಲೆ ಒಂದು ಗೆರೆ ಎಳೆದುಕೊಳ್ಳಿ, ಮುಂದಿನ ಸಲ ಆ ಗೆರೆಯೇ ಹೇಳುತ್ತದೆ. ರಂಜಕ ಎಲ್ಲಕ್ಕಿಂತ ಕೊನೆಗೆ, ಗುರಿಯ ಕಡೆ ತಿರುಗಿ ನಿಂತ ಮೇಲೆ.

ಈಡು ಹಾರದಿದ್ದರೆ ನಳಿಗೆ ಮುಂದಕ್ಕೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಆ ಹುಡುಗನನ್ನು ನೆನಪಿಸಿಕೊಳ್ಳಿ. ಮೋಡ ಕವಿದ ದಿನ ಬಟ್ಟಲಲ್ಲಿ ಉಳಿದ ಮಸಿ ಗಾಳಿಯ ತೇವ ಹೀರಿ ಕೆಸರಾಗುತ್ತದೆ. ಆಗ ಬಟ್ಟಲು ಒರೆಸಿ ಹೊಸ ರಂಜಕ ಹಾಕಿ. ಹಳೆಯದರ ಮೇಲೆ ಸುರಿಯಬೇಡಿ. ಅವತ್ತೇ ಸಂಜೆ ಬಿಸಿನೀರಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಸವರಿ. ನಾಳೆಗೆ ಬಿಟ್ಟರೆ ತುಕ್ಕು ಕಾಯುತ್ತಾ ಕೂರುವುದಿಲ್ಲ. ತೊಳೆದ ಮೇಲೆ ಕಿವಿಗೊಂದು ಸಲ ತಂತಿ ಹಾಕಿ, ದೀಪದ ಕಡೆ ಹಿಡಿದು ನೋಡಿ. ಆಚೆಯಿಂದ ಬೆಳಕು ಕಾಣಬೇಕು. ನಮಸ್ಕಾರ.