ಫೋನಿನಲ್ಲಿ ಹೇಳುವುದನ್ನೇ ಬರೆದಿಡಿ

ಕೇಳುಗರಿಗೆ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ನಡೆಸುವವರು, ಹಾಸನದಲ್ಲಿ ಕಾಫಿಪುಡಿ ಮಾರುವವರು, ಬೇಲೂರಿನಲ್ಲಿ ಟ್ಯಾಕ್ಸಿ ಓಡಿಸುವವರು, ಈ ಮಾತು ನಿಮಗಾಗಿ.

ಗೂಗಲ್‌ನ ಹುಡುಕಾಟದ ಪುಟ ಬದಲಾಗಿದೆಯಂತೆ, ನಮ್ಮ ವ್ಯಾಪಾರದ ಗತಿ ಏನು ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಆ ಪುಟ ಬದಲಾಗದೆ ಇದ್ದದ್ದು ಯಾವಾಗ? 2009ರಲ್ಲಿ ವಂಡರ್ ವೀಲ್ ಎಂಬ ಚಕ್ರ ಬಂತು. ಹುಡುಕಿದ ಪದ ನಡುವೆ, ಅದರ ನಂಟಿನ ಪದಗಳು ಸುತ್ತಲೂ. ಎರಡೇ ವರ್ಷ, ಮಾಯವಾಯಿತು. 2010ರಲ್ಲಿ ಇನ್‌ಸ್ಟಂಟ್ ಬಂತು. ಒಂದೊಂದು ಅಕ್ಷರ ಒತ್ತಿದಂತೆ ಫಲಿತಾಂಶವೂ ಬದಲಾಗುತ್ತಿತ್ತು. 2017ರಲ್ಲಿ ಅದನ್ನೂ ತೆಗೆದರು. 2023ರ ಮೇ ತಿಂಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ಉತ್ತರ ಬರೆಸುವ ಪ್ರಯೋಗ ಅಮೆರಿಕದಲ್ಲಿ ಶುರುವಾಯಿತು, ಆಗಸ್ಟ್‌ನಲ್ಲಿ ನಮ್ಮ ದೇಶಕ್ಕೂ ಬಂತು. ಮರುವರ್ಷ ಅದಕ್ಕೇ ಎಐ ಓವರ್‌ವ್ಯೂ ಎಂದು ಹೆಸರಾಯಿತು. ಈಗ ಉತ್ತರ ಮೇಲೆ ಕೂತಿದೆ, ಕೊಂಡಿಗಳ ಪಟ್ಟಿ ಕೆಳಕ್ಕೆ ಸರಿದಿದೆ.

ಪುಟದ ವೇಷ ನಿಮ್ಮ ಕೈಯಲ್ಲಿಲ್ಲ, ಬಿಡಿ. ಗಿರಾಕಿ ಕೇಳುವ ಪ್ರಶ್ನೆಗೆ ಉತ್ತರ ಬರೆದಿಡುವುದು ನಿಮ್ಮ ಕೈಯಲ್ಲಿದೆ.

ಆಲ್ದೂರಿನ ಕಡೆಯ ಒಂದು ಹೋಂಸ್ಟೇಗೆ ಹೋಗಿದ್ದೆ. ಯಜಮಾನರು ಹೊಸ ವೆಬ್‌ಸೈಟ್ ತೋರಿಸಿದರು. ಡ್ರೋನ್‌ನಿಂದ ತೆಗೆದ ಚಿತ್ರಗಳು, ಮಂಜು, ತೋಟ, ‘ಪ್ರಕೃತಿಯ ಮಡಿಲಲ್ಲಿ ಸ್ವರ್ಗ’. ಈ ಸ್ವರ್ಗ ನಮ್ಮ ಜಿಲ್ಲೆಯಲ್ಲಿ ಎಷ್ಟಿವೆಯೋ! ದರ, ದಾರಿ, ಫೋನ್ ಸಂಖ್ಯೆ ಎಲ್ಲವೂ ಚಿತ್ರದೊಳಗೇ ಅಚ್ಚಾಗಿದ್ದವು. ಹುಡುಕುವ ಯಂತ್ರ ಓದಲು ಅಕ್ಷರವೆಂದು ಒಂದು ಸಾಲಿಲ್ಲ. “ಸರ್, ಇಷ್ಟು ಖರ್ಚು ಮಾಡಿದರೂ ಹುಡುಕಿದರೆ ನಾವು ಸಿಗುವುದಿಲ್ಲ” ಎಂದರು.

ಅಷ್ಟರಲ್ಲಿ ಅವರ ಹೆಂಡತಿಗೆ ಬೆಂಗಳೂರಿನಿಂದ ಕರೆ ಬಂತು. ಅವರು ಅಡುಗೆಮನೆಯಿಂದಲೇ ಹೇಳುತ್ತಿದ್ದರು: “ಗೇಟಿನವರೆಗೆ ಟಾರು ರಸ್ತೆ ಇದೆ. ಅಲ್ಲಿಂದ ಮಣ್ಣು ದಾರಿ, ಮಳೆಗಾಲದಲ್ಲಿ ಚಿಕ್ಕ ಕಾರು ಹತ್ತುವುದಿಲ್ಲ, ನಮ್ಮ ಜೀಪು ಬರುತ್ತದೆ. ಅಜ್ಜಿಗೆ ಕೆಳಗಿನ ಕೋಣೆ ಕೊಡುತ್ತೇವೆ, ಮೆಟ್ಟಿಲಿಲ್ಲ. ಕರೆಂಟು ಹೋಗುತ್ತದೆ, ಜನರೇಟರ್ ಇದೆ. ಜಿಗಣೆ ಇವೆ, ಉದ್ದ ಕಾಲುಚೀಲ ತನ್ನಿ. ಕಡುಬು ಬೇಕಾದರೆ ಹಿಂದಿನ ದಿನವೇ ಹೇಳಿ.”

“ಅಕ್ಕಾ, ಇದನ್ನೇ ಬರೆದಿಡಿ” ಎಂದೆ. “ಇದನ್ನು ಯಾರು ಓದುತ್ತಾರೆ? ದಿನಕ್ಕೆ ಹತ್ತು ಸಲ ಹೇಳುವುದೇ ಇದನ್ನು” ಎಂದರು. ದಿನಕ್ಕೆ ಹತ್ತು ಸಲ ಕೇಳುತ್ತಾರೆ ಎಂದರೆ ಹುಡುಕುವವರೂ ಅದನ್ನೇ ಹುಡುಕುತ್ತಾರಲ್ಲ! ಯಜಮಾನರಿಗೆ ಮಾತ್ರ ಜಿಗಣೆಯದೇ ಚಿಂತೆ. ಅದನ್ನು ಬರೆದರೆ ಯಾರು ಬರುತ್ತಾರೆ ಎಂದು ಅರ್ಧ ಗಂಟೆ ವಾದಿಸಿದರು. ಕೊನೆಗೆ ಅಕ್ಕನೇ ಬರೆಸಿದರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಮುಂದಿನ ಮಳೆಗಾಲದಲ್ಲಿ ನಾನು ಅಲ್ಲಿಗೆ ಹೋದಾಗ ಜೀಪಿನಿಂದ ಒಂದು ಸಂಸಾರ ಇಳಿಯಿತು. ಆರು ಜನ, ಆರು ಜನರಿಗೂ ಮೊಣಕಾಲುದ್ದದ ಕಾಲುಚೀಲ. ಯಜಮಾನರು ನನ್ನ ಮುಖ ನೋಡಲಿಲ್ಲ.

ಸಮಯವಾಯಿತೆಂದು ಗಾಜಿನಾಚೆಯಿಂದ ಕೈ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಉತ್ತರ ಮೇಲೆಯೇ ಸಿಕ್ಕರೆ ಜನ ನಿಮ್ಮ ಪುಟಕ್ಕೆ ಬರದೆಯೂ ಇರಬಹುದು. ಭೇಟಿಗಳ ಲೆಕ್ಕ ನೋಡಿ ಕೊರಗಬೇಡಿ, ಬಂದ ಕರೆಗಳನ್ನು ಎಣಿಸಿ. ಯಂತ್ರ ನಿಮ್ಮ ಬಗ್ಗೆ ತಪ್ಪನ್ನೂ ಹೇಳುತ್ತದೆ, ತಿಂಗಳಿಗೊಮ್ಮೆ ನೀವೇ ಹುಡುಕಿ ನೋಡಿ. ಕನ್ನಡದಲ್ಲಿ ಮಾತಾಡಿ ಹುಡುಕುವ ಸೌಲಭ್ಯ 2017ರಿಂದಲೇ ಇದೆ, ಆದ್ದರಿಂದ ಕನ್ನಡದಲ್ಲೂ ಬರೆದಿಡಿ. ಗೂಗಲ್‌ನ ಮೊದಲ ಪುಟದಲ್ಲಿ ನಿಮ್ಮ ಹೆಸರು ಗ್ಯಾರಂಟಿ ಎಂದು ದುಡ್ಡು ಕೇಳುವವರಿಗೆ ಕಾಫಿ ಕೊಟ್ಟು ಕಳಿಸಿ.

ಕಾಫಿಪುಡಿಯವರೇ, ನಿಮ್ಮ ಸರದಿ ಬರಲೇ ಇಲ್ಲ. ಚಿಕೋರಿ ಎಷ್ಟು ಬೆರೆಸಿದ್ದೀರಿ ಎಂದಾದರೂ ಇವತ್ತೇ ಬರೆದಿಡಿ. ನಮಸ್ಕಾರ.