ಎಂಟು ಕ್ರೋನ್‌ಗೆ ಒಂದು ಮಾರ್ಕ್

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮುಂದೆ ಒಂದು ಹಳೆಯ ನೋಟು ಇದೆ. ನಿಮಗೆ ಕಾಣುವುದಿಲ್ಲ, ಹಾಗಾಗಿ ಹೇಳುತ್ತೇನೆ. ಐದು ಕ್ರೋನ್ ನೋಟು. ಎಸ್ಟೋನಿಯ ಎಂಬ ಪುಟ್ಟ ದೇಶದ್ದು. ಒಂದು ಬದಿಯಲ್ಲಿ ಚೆಸ್ ಆಟಗಾರ ಪೌಲ್ ಕೆರೆಸ್ ಅವರ ಚಿತ್ರ. ತಿರುಗಿಸಿದರೆ ಎರಡು ಕೋಟೆ, ನಡುವೆ ನದಿ. ಒಂದು ದಡದಲ್ಲಿ ಎಸ್ಟೋನಿಯದ ನಾರ್ವಾ ಊರಿನ ಕೋಟೆ. ಇನ್ನೊಂದು ದಡದಲ್ಲಿ ರಷ್ಯದ ಇವಾನ್‌ಗೊರೊದ್ ಕೋಟೆ. ಎರಡೂ ಶತಮಾನಗಳಿಂದ ಎದುರುಬದುರು ನಿಂತಿವೆ.

ಈ ನೋಟು ಇವತ್ತು ಅಂಗಡಿಯಲ್ಲಿ ನಡೆಯುವುದಿಲ್ಲ. 2011ರಲ್ಲಿ ಆ ದೇಶಕ್ಕೆ ಯೂರೋ ಬಂತು. ಆದರೆ ಇದು ಹುಟ್ಟಿದ ಬಗೆ, ಇದು ಉಳಿಸಿದ್ದು, ಇದು ಕಳೆದದ್ದು, ಇವೆಲ್ಲ ಹೇಳಲೇಬೇಕಾದ ವಿಷಯ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿತ್ತು.

1991ರ ಆಗಸ್ಟಿನಲ್ಲಿ ಎಸ್ಟೋನಿಯ ಸ್ವತಂತ್ರವಾಯಿತು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಒಂದು ಮನೆ ಹದಿನೈದು ಮನೆಯಾಯಿತು. ಬಾವುಟ ಬೇರೆ ಬೇರೆ, ಸರಕಾರ ಬೇರೆ ಬೇರೆ. ದುಡ್ಡು ಮಾತ್ರ ಒಂದೇ, ರೂಬಲ್.

ಇದು ಎಂಥ ಅಪಾಯ ಅಂತ ನಮ್ಮ ಹಳ್ಳಿಯ ಲೆಕ್ಕದಲ್ಲೇ ನೋಡಿ. ಅಣ್ಣತಮ್ಮಂದಿರು ಪಾಲಾದರು. ಜಮೀನು ಹಂಚಿಕೊಂಡರು, ಒಲೆ ಬೇರೆ ಹೂಡಿದರು. ಆದರೆ ಊರ ಅಂಗಡಿಯಲ್ಲಿ ಉದ್ದರಿ ಬರೆಸುವ ಪುಸ್ತಕ ಇನ್ನೂ ಅಪ್ಪನ ಹೆಸರಿನಲ್ಲಿ ಒಂದೇ ಇದೆ. ಆಗ ಏನಾಗುತ್ತದೆ? ನಾನು ಬರೆಸದಿದ್ದರೆ ತಮ್ಮ ಬರೆಸುತ್ತಾನೆ, ನಾನೇ ಮೊದಲು ಬರೆಸೋಣ ಅಂತ ಎಲ್ಲರೂ ಓಡುತ್ತಾರೆ, ಅಲ್ವಾ? ಹಾಗೇ ಆಯಿತು. ಪ್ರತಿ ಹೊಸ ದೇಶದ ಬ್ಯಾಂಕೂ ತನ್ನ ಕಾರ್ಖಾನೆಗಳಿಗೆ ರೂಬಲ್ ಲೆಕ್ಕದಲ್ಲಿ ಸಾಲ ಕೊಡತೊಡಗಿತು. ಸಾಲದ ಪುಸ್ತಕ ಉಬ್ಬಿತು. ನೋಟು ಅಚ್ಚಾಗುತ್ತಿದ್ದದ್ದು ಮಾತ್ರ ರಷ್ಯದಲ್ಲಿ. ಹಾಗಾಗಿ ಕಾಗದದ ಮೇಲೆ ದುಡ್ಡು ಜಾಸ್ತಿ, ಕೈಯಲ್ಲಿ ನೋಟೇ ಇಲ್ಲ. ಎಸ್ಟೋನಿಯದಲ್ಲಿ ಸಂಬಳ ಕೊಡಲೂ ನೋಟು ಸಾಲದೆ ಹೋಯಿತು.

1992ರ ಜನವರಿ 2ರಂದು ರಷ್ಯ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಸುತ್ತಲಿನ ದೇಶಗಳಲ್ಲೂ ಬೆಲೆ ಹಾರಿತು. ಎಸ್ಟೋನಿಯದಲ್ಲಿ ಆ ಒಂದು ವರ್ಷದ ಬೆಲೆ ಏರಿಕೆ ಶೇಕಡಾ 1,000 ದಾಟಿತು. ಶೇಕಡಾ ಹತ್ತು ಏರಿದರೆ ನಾವು ಇಲ್ಲಿ ಹೌಹಾರುತ್ತೇವೆ. ಅಲ್ಲಿ ಹತ್ತು ರೂಬಲ್‌ನ ಸಾಮಾನು ವರ್ಷ ತುಂಬುವ ಹೊತ್ತಿಗೆ ನೂರು ದಾಟಿತ್ತು. ಇಪ್ಪತ್ತು ಮೂವತ್ತು ವರ್ಷ ದುಡಿದು ಉಳಿತಾಯ ಖಾತೆಯಲ್ಲಿ ಇಟ್ಟ ದುಡ್ಡು, ಮಗಳ ಮದುವೆಗೋ ಮುಪ್ಪಿಗೋ ಅಂತ ಇಟ್ಟದ್ದು, ಒಂದು ಚಳಿಗಾಲದಲ್ಲಿ ಕರಗಿ ಹೋಯಿತು. ಕದ್ದವರು ಯಾರು ಅಂತ ಬೊಟ್ಟು ಮಾಡಿ ತೋರಿಸಲೂ ಆಗದ ನಷ್ಟ ಅದು.

ಈ ಹೊತ್ತಿನಲ್ಲಿ ಎಸ್ಟೋನಿಯ ತನ್ನದೇ ನಾಣ್ಯ ತರಲು ನಿರ್ಧರಿಸಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ ಮೊದಮೊದಲು ಅವಸರ ಬೇಡ ಎಂದಿತ್ತು. ಹದಿನೈದು ಲಕ್ಷ ಜನರ ದೇಶ. ಕಾರ್ಖಾನೆಗಳು ಮಾಸ್ಕೋದತ್ತ ಮುಖ ಮಾಡಿ ಕಟ್ಟಿದವು. ರೂಬಲ್ ಬಿಟ್ಟರೆ ವ್ಯಾಪಾರವೇ ನಿಲ್ಲುವ ಭಯ. ಆದರೂ ಅವರು ಹೊರಟರು. ಪ್ರಧಾನಿ ಟೀಟ್ ವಾಹಿ, ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಸೀಮ್ ಕಲ್ಲಾಸ್, ಸ್ವೀಡನ್ನಿನಲ್ಲಿ ಬ್ಯಾಂಕಿಂಗ್ ಬಲ್ಲವರಾಗಿದ್ದ ರುಡಾಲ್ಫ್ ಯಾಲಾಕಸ್, ಈ ಮೂವರ ಸಮಿತಿಗೆ ಕೆಲಸ ಒಪ್ಪಿಸಿದರು.

ದುಡ್ಡು ಅಂದರೆ ಬರೀ ಕಾಗದ. ಅದರ ಹಿಂದೆ ಏನಿದೆ ಅಂತ ಜನ ಕೇಳುತ್ತಾರೆ. ಎಸ್ಟೋನಿಯದ ಬಳಿ ಏನಿತ್ತು? ಐವತ್ತು ವರ್ಷ ಹಿಂದಿನ ಚಿನ್ನ ಇತ್ತು.

ಎರಡನೇ ಮಹಾಯುದ್ಧಕ್ಕೆ ಮುಂಚೆ ಎಸ್ಟೋನಿಯ ಸ್ವತಂತ್ರವಾಗಿದ್ದಾಗ ತನ್ನ ಚಿನ್ನವನ್ನು ಹೊರದೇಶಗಳ ಬ್ಯಾಂಕುಗಳಲ್ಲಿ ಇಟ್ಟಿತ್ತು. 1940ರಲ್ಲಿ ಸೋವಿಯತ್ ಸೈನ್ಯ ಬಂತು, ದೇಶವೇ ಹೋಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಚಿನ್ನ ಹಾಗೇ ಉಳಿಯಿತು. ಸ್ವೀಡನ್ ತನ್ನಲ್ಲಿದ್ದದ್ದನ್ನು ಮಾಸ್ಕೋಗೆ ಒಪ್ಪಿಸಿಬಿಟ್ಟಿತ್ತು. ಬ್ರಿಟನ್ ಮೊದಲು ತಡೆಹಿಡಿದು, ಅರವತ್ತರ ದಶಕದ ಕೊನೆಗೆ ಸೋವಿಯತ್ ಜೊತೆಗಿನ ಹಳೆಯ ಲೆಕ್ಕ ಚುಕ್ತಾ ಮಾಡಲು ಬಳಸಿಕೊಂಡಿತ್ತು. ಆದರೆ 1992ರಲ್ಲಿ ಕೇಳಿದಾಗ ಈ ಎರಡು ದೇಶಗಳೂ ಇಲ್ಲ ಅನ್ನಲಿಲ್ಲ. ಅಷ್ಟನ್ನೂ ತುಂಬಿಕೊಟ್ಟವು. ಎಲ್ಲ ಸೇರಿ 11 ಟನ್‌ಗಿಂತ ಸ್ವಲ್ಪ ಜಾಸ್ತಿ. ಇಟ್ಟವರಲ್ಲಿ ಹೆಚ್ಚಿನವರು ಬದುಕಿರಲಿಲ್ಲ. ಅವರು ಇಟ್ಟದ್ದು ಮೊಮ್ಮಕ್ಕಳ ಕೈಗೆ ಬಂತು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಅದಕ್ಕೆ ಒಂದೇ ವರ್ಷ ಹಿಂದೆ, 1991ರ ಜುಲೈನಲ್ಲಿ, ನಮ್ಮ ರಿಸರ್ವ್ ಬ್ಯಾಂಕಿನ 47 ಟನ್‌ನಷ್ಟು ಚಿನ್ನ ವಿಮಾನ ಏರಿ ಹೋಗಿತ್ತು. ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಸಾಲಕ್ಕೆ ಅಡವಿಟ್ಟದ್ದು. ಮನೆಯ ಒಡವೆ ಗಿರವಿ ಹೋದಾಗಿನ ಸಂಕಟ ಆಗ ದೇಶಕ್ಕೆಲ್ಲ ಆಗಿತ್ತು. ನಮ್ಮ ಚಿನ್ನ ಯಾವ ಲಂಡನ್ನಿಗೆ ಹೋಯಿತೋ ಅದೇ ಲಂಡನ್ನಿನಿಂದ ಅವರ ಚಿನ್ನ ಮನೆಗೆ ಮರಳಿತು.

ಚಿನ್ನವೂ ಸಾಲದಿದ್ದರೆ ಇರಲಿ ಅಂತ, ಸರಕಾರಿ ಕಾಡಿನ ಒಂದು ಭಾಗವನ್ನೂ ಕೇಂದ್ರ ಬ್ಯಾಂಕಿಗೆ ಆಧಾರವಾಗಿ ಬರೆದುಕೊಟ್ಟರು. ಪೈನ್ ಮರ, ಬರ್ಚ್ ಮರದ ಕಾಡು. ಒಂದು ಬಡ ದೇಶ ತನ್ನ ಮಾತಿಗೆ ಬೆಲೆ ಬರಲಿ ಅಂತ ಮನೆಯಲ್ಲಿದ್ದದ್ದನ್ನೆಲ್ಲ ಹೊರಗೆ ತಂದಿಟ್ಟ ಹಾಗೆ. ಈ ವಿವರ ಓದಿದಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಆಮೇಲೆ ನಿಯಮ ಮಾಡಿದರು. ನಿಯಮ ಬಹಳ ಸರಳ. ಎಂಟು ಕ್ರೋನ್ ಕೊಟ್ಟರೆ ಒಂದು ಜರ್ಮನ್ ಮಾರ್ಕ್. ಆಗ ಮಾರ್ಕ್ ಅಂದರೆ ಯುರೋಪಿನಲ್ಲೇ ಗಟ್ಟಿ ನಾಣ್ಯ. ಬ್ಯಾಂಕಿನಲ್ಲಿ ಎಷ್ಟು ಚಿನ್ನ, ಎಷ್ಟು ವಿದೇಶಿ ಹಣ ಇದೆಯೋ ಅಷ್ಟಕ್ಕೆ ಮಾತ್ರ ಕ್ರೋನ್ ಹೊರಡಿಸಬಹುದು. ಸರಕಾರಕ್ಕೆ ಕೇಂದ್ರ ಬ್ಯಾಂಕು ಸಾಲ ಕೊಡುವ ಹಾಗಿಲ್ಲ. ಕ್ರೋನ್ ಬೆಲೆಯನ್ನು ಬ್ಯಾಂಕು ತಾನಾಗಿ ಇಳಿಸುವ ಹಾಗಿಲ್ಲ. ಇದಕ್ಕೆ ಕರೆನ್ಸಿ ಬೋರ್ಡ್ ಅನ್ನುತ್ತಾರೆ. ನನ್ನ ಕೈಯನ್ನು ನಾನೇ ಕಟ್ಟಿಕೊಂಡಿದ್ದೇನೆ, ಬಂದು ನೋಡಿ ಅಂತ ಜನರಿಗೆ ಹೇಳಿದ ಹಾಗೆ. ಅರ್ಥಶಾಸ್ತ್ರ ಓದದ ಅಜ್ಜಿಗೂ ತಿಳಿಯುವ ನಿಯಮ. ಆ ನಾಣ್ಯ ನಿಂತದ್ದರಲ್ಲಿ ಅರ್ಧ ಪಾಲು ಈ ಸರಳತನದ್ದು ಅಂತಲೇ ನಾನು ನಂಬುತ್ತೇನೆ.

1992ರ ಜೂನ್ 20, ಶನಿವಾರ. ಎಸ್ಟೋನಿಯದಲ್ಲಿ ಆ ಹೊತ್ತಿಗೆ ರಾತ್ರಿ ಅನ್ನುವುದೇ ಇರುವುದಿಲ್ಲ. ಕತ್ತಲಾಗುವ ಮುಂಚೆ ಬೆಳಕಾಗುತ್ತದೆ. ಬೆಂಕಿ ಹಾಕಿ ಹಾಡುವ ನಡುಬೇಸಿಗೆಯ ಹಬ್ಬ ಇನ್ನೇನು ಬಂತು. ಅಂದಿನಿಂದ ಮೂರು ದಿನ ಜನ ಸಾಲುಗಟ್ಟಿ ನಿಂತು ರೂಬಲ್ ಕೊಟ್ಟು ಕ್ರೋನ್ ಪಡೆದರು. ಹತ್ತು ರೂಬಲ್‌ಗೆ ಒಂದು ಕ್ರೋನ್. ಒಬ್ಬರಿಗೆ 1,500 ರೂಬಲ್ ಮಿತಿ. ಅಂದರೆ ತಲೆಗೆ 150 ಕ್ರೋನ್. ಮಾರ್ಕ್ ಲೆಕ್ಕದಲ್ಲಿ 19 ಕೂಡ ಇಲ್ಲ. ನಾಲ್ಕು ಜನರ ಸಂಸಾರ ಹೊಸ ಬದುಕು ಶುರು ಮಾಡಿದ್ದು ಬರೀ 75 ಮಾರ್ಕ್‌ನಷ್ಟು ನಗದಿನಿಂದ. ಸೋವಿಯತ್ ಒಕ್ಕೂಟದಿಂದ ಒಡೆದ ದೇಶಗಳಲ್ಲಿ ರೂಬಲ್ ವಲಯದಿಂದ ಮೊದಲು ಹೊರಗೆ ಕಾಲಿಟ್ಟದ್ದು ಇದೇ.

ಆ ಸಾಲಿನಲ್ಲಿ ನಿಂತವರ ಬಗ್ಗೆ ಒಂದು ವಿಷಯ ಗಮನಿಸಿ. ದೇಶದಲ್ಲಿ ವಾಸವಿದ್ದವರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ದುಡ್ಡು ಸಿಗುತ್ತಿತ್ತು. ಎಸ್ಟೋನಿಯನ್ ಆಗಲಿ, ರಷ್ಯನ್ ಆಗಲಿ, ಎಲ್ಲರಿಗೂ ಅದೇ 150. ಆದರೆ ಒಂದು ವಾರ ಬಿಟ್ಟು, ಜೂನ್ 28ರಂದು, ಹೊಸ ಸಂವಿಧಾನದ ಮೇಲೆ ಮತದಾನ ನಡೆಯಿತು. ಅಲ್ಲಿ ನಾಗರಿಕರಿಗೆ ಮಾತ್ರ ಮತ. 1940ಕ್ಕೆ ಮುಂಚಿನ ನಾಗರಿಕರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು ತಾವಾಗಿಯೇ ನಾಗರಿಕರಾದರು. ಸೋವಿಯತ್ ಕಾಲದಲ್ಲಿ ಕೆಲಸಕ್ಕೆ ಬಂದು ನೆಲೆಸಿದ ರಷ್ಯನ್ ಮಾತಾಡುವ ಲಕ್ಷಾಂತರ ಜನ ಹೊರಗೆ ಉಳಿದರು. ಕಠಿಣ ಸುಧಾರಣೆಗಳು ಬಂದಾಗ ಅದರ ಪೆಟ್ಟು ಜಾಸ್ತಿ ತಿಂದವರಲ್ಲಿ ಇವರೂ ಇದ್ದರು. ಬೇಡ ಅನ್ನಲು ಅವರ ಕೈಯಲ್ಲಿ ಮತ ಇರಲಿಲ್ಲ. ಎಸ್ಟೋನಿಯದ ಗೆಲುವನ್ನು ಹಾಡಿಹೊಗಳುವ ಮಾತುಗಳಲ್ಲಿ ಇದು ಬಹಳ ಸಲ ಬಿಟ್ಟುಹೋಗುತ್ತದೆ. ಬಿಡಬಾರದು.

ಸೆಪ್ಟೆಂಬರಿನಲ್ಲಿ ಚುನಾವಣೆ, ಅಕ್ಟೋಬರಿನಲ್ಲಿ ಹೊಸ ಸರಕಾರ. ಪ್ರಧಾನಿ ಮಾರ್ಟ್ ಲಾರ್. ವಯಸ್ಸು 32. ಓದಿದ್ದು ಇತಿಹಾಸ. ಅವರ ಸರಕಾರ ಕಾರ್ಖಾನೆಗಳಿಗೆ ಕೊಡುತ್ತಿದ್ದ ಸಹಾಯಧನ ನಿಲ್ಲಿಸಿತು. ಹೊರಗಿನಿಂದ ಬರುವ ಸರಕಿನ ಮೇಲಿನ ಸುಂಕ ಹೆಚ್ಚುಕಡಿಮೆ ಪೂರ್ತಿ ತೆಗೆಯಿತು. 1994ರಿಂದ ಆದಾಯ ತೆರಿಗೆ ಎಲ್ಲರಿಗೂ ಒಂದೇ ದರ, ಶೇಕಡಾ 26. ಈ ತೆರಿಗೆಯ ಬಗ್ಗೆ ಜಗತ್ತಿನಲ್ಲೆಲ್ಲ ಮಾತು ಆಯಿತು. ನನ್ನ ಲೆಕ್ಕದಲ್ಲಿ ನಾಣ್ಯದ ಮುಂದೆ ಅದು ಚಿಕ್ಕದು.

ದೊಡ್ಡ ಪರೀಕ್ಷೆ ಬಂದದ್ದು ಅದೇ 1992ರ ನವೆಂಬರಿನಲ್ಲಿ. ದೇಶದ ಮೂರು ದೊಡ್ಡ ಬ್ಯಾಂಕುಗಳು ಕುಸಿದವು. ಎರಡು ಬ್ಯಾಂಕುಗಳ ಹಣ ಮಾಸ್ಕೋದ ಬ್ಯಾಂಕೊಂದರಲ್ಲಿ ಸಿಕ್ಕಿಕೊಂಡಿತ್ತು. ಮೂರನೆಯದು ತಾರ್ತು ಊರಿನ ಬ್ಯಾಂಕು, ಕೆಟ್ಟ ಸಾಲ ಕೊಟ್ಟು ಮುಳುಗಿತ್ತು. ಬೇರೆ ದೇಶವಾಗಿದ್ದರೆ ನೋಟು ಅಚ್ಚು ಹಾಕಿ ಉಳಿಸುತ್ತಿದ್ದರು. ಇಲ್ಲಿ ಕೈ ಕಟ್ಟಿಕೊಂಡಾಗಿತ್ತು. ಮಾಸ್ಕೋದಲ್ಲಿ ಹಣ ಸಿಕ್ಕಿಬಿದ್ದ ಎರಡನ್ನು ಸೇರಿಸಿ ಒಂದು ಮಾಡಿದರು. ತಾರ್ತು ಬ್ಯಾಂಕನ್ನು ಮುಚ್ಚಿಯೇ ಬಿಟ್ಟರು. ಅದರಲ್ಲಿ ದುಡ್ಡಿಟ್ಟವರು ಕಳೆದುಕೊಂಡರು. ಅದು ಕ್ರೂರ ಅಂತ ಅನ್ನಿಸುತ್ತದೆ. ಕ್ರೂರವೇ. ಆದರೆ ಆ ದಿನದಿಂದ ಜನಕ್ಕೆ ಒಂದು ತಿಳಿಯಿತು, ಎಂಟಕ್ಕೆ ಒಂದು ಅನ್ನುವುದು ಸುಮ್ನೆ ಹೇಳಿದ ಮಾತಲ್ಲ ಅಂತ.

ಬೆಲೆ ಏರಿಕೆ ಒಂದೇ ಏಟಿಗೆ ನಿಲ್ಲಲಿಲ್ಲ. ಯಾಕೆಂದರೆ ಶುರುವಿನಲ್ಲಿ ಕ್ರೋನ್ ತುಂಬ ಅಗ್ಗವಾಗಿತ್ತು. ರಷ್ಯದಿಂದ ಬರುವ ಎಣ್ಣೆ, ಗ್ಯಾಸು ಜಗತ್ತಿನ ಬೆಲೆಗೆ ಏರುತ್ತಿತ್ತು. ಆದರೂ ಸಾವಿರದಿಂದ ಮರುವರ್ಷವೇ ನೂರರ ಒಳಗೆ ಬಂತು, ಆಮೇಲೆ ವರ್ಷ ವರ್ಷ ಇಳಿಯಿತು. ವ್ಯಾಪಾರದ ಮುಖವೇ ತಿರುಗಿತು. ಹಿಂದೆ ಬಹುಪಾಲು ಸರಕು ಸೋವಿಯತ್ ಒಕ್ಕೂಟದೊಳಗೇ ಓಡಾಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಕೊಲ್ಲಿಯ ಆಚೆಯ ಫಿನ್ಲೆಂಡ್ ಮೊದಲ ಗಿರಾಕಿಯಾಯಿತು. 1995ರಿಂದ ದೇಶದ ಆದಾಯ ಬೆಳೆಯತೊಡಗಿತು.

ಪಕ್ಕದ ರಷ್ಯದಲ್ಲಿ ಏನಾಯಿತು ಅಂತ ನಿಮಗೆ ಗೊತ್ತಿರಬಹುದು. 1992ರ ಅಕ್ಟೋಬರಿನಿಂದ ಪ್ರತಿಯೊಬ್ಬರಿಗೂ 10,000 ರೂಬಲ್ ಮುಖಬೆಲೆಯ ಒಂದು ಚೀಟಿ ಕೊಟ್ಟರು. ಈ ಚೀಟಿಗೆ ಕಾರ್ಖಾನೆಯ ಷೇರು ಕೊಳ್ಳಿ ಎಂದರು. ಬೆಲೆ ಏರುತ್ತಲೇ ಇದ್ದಾಗ ಹಸಿದವರು ಚೀಟಿಯನ್ನು ಸಿಕ್ಕ ದುಡ್ಡಿಗೆ ಮಾರಿದರು. 1995ರಲ್ಲಿ ಸರಕಾರಕ್ಕೆ ಸಾಲ ಕೊಟ್ಟ ಕೆಲವೇ ಜನರ ಕೈಗೆ ಎಣ್ಣೆ, ನಿಕಲ್ ಕಂಪನಿಗಳು ಹೋದವು. ದುಡ್ಡಿಗೆ ನೆಲೆ ಇಲ್ಲದೆ ಆಸ್ತಿ ಹಂಚಿದರೆ ಬಡವರ ಪಾಲು ಯಾರ ಮನೆ ಸೇರುತ್ತದೆ ಅನ್ನುವುದು ಅಲ್ಲಿ ಕಾಣಿಸಿತು.

ಎಸ್ಟೋನಿಯದಲ್ಲಿ ಎಲ್ಲ ಚೊಕ್ಕಟ ಇತ್ತು ಅಂತ ನಾನು ಹೇಳುತ್ತಿಲ್ಲ. ಜನರಿಂದ ಒಟ್ಟುಮಾಡಿದ ಹಳೆಯ ರೂಬಲ್ ಇತ್ತಲ್ಲ, ಅದರಲ್ಲಿ ನೂರು ಕೋಟಿ ರೂಬಲ್‌ಗೂ ಮೀರಿದ ನೋಟುಗಳನ್ನು ಗುಟ್ಟಾಗಿ ರಷ್ಯದ ದಕ್ಷಿಣದ ಚೆಚೆನ್ಯ ಪ್ರಾಂತ್ಯಕ್ಕೆ ಮಾರಿದ್ದು ಹೊರಬಂತು. 1994ರ ಸೆಪ್ಟೆಂಬರಿನಲ್ಲಿ ಸಂಸತ್ತು ಅವಿಶ್ವಾಸ ಸೂಚಿಸಿ ಮಾರ್ಟ್ ಲಾರ್ ಅವರನ್ನು ಇಳಿಸಿತು. ನಂಬಿಕೆಯ ಮೇಲೆ ನಾಣ್ಯ ಕಟ್ಟಿದವರು ಜನಕ್ಕೆ ಹೇಳದೆ ಹೀಗೆ ಮಾಡಬಾರದಿತ್ತು.

ಹಳೆಯ ಮನೆಗಳ ವಿಷಯ ಇನ್ನೂ ನೋವಿನದು. 1940ರಲ್ಲಿ ಕಿತ್ತುಕೊಂಡ ಮನೆಗಳನ್ನು ಆಗಿನ ಒಡೆಯರಿಗೆ, ಇಲ್ಲವೇ ಅವರ ವಾರಸುದಾರರಿಗೆ ಮರಳಿಸಿದರು. ನ್ಯಾಯವೇ. ಆದರೆ ಆ ಮನೆಗಳಲ್ಲಿ ಮೂವತ್ತು ನಲವತ್ತು ವರ್ಷದಿಂದ ಬೇರೆ ಸಂಸಾರಗಳು ಇದ್ದವು. ಸರಕಾರವೇ ಕೊಟ್ಟ ಮನೆ ಅಂತ ಬಾಳಿದವರು. ಅವರ ನೆರೆಯವರು ಸರಕಾರಿ ಫ್ಲ್ಯಾಟುಗಳನ್ನು ಎಸ್ಟೋನಿಯ ಸರಕಾರ ಹಂಚಿದ್ದ ಚೀಟಿ ಕೊಟ್ಟು ಸ್ವಂತ ಮಾಡಿಕೊಂಡರು. ಇವರು ಮಾತ್ರ ರಾತ್ರೋರಾತ್ರಿ ಬಾಡಿಗೆದಾರರಾದರು. ಒಬ್ಬರಿಗೆ ಮಾಡಿದ ನ್ಯಾಯ ಇನ್ನೊಬ್ಬರ ತಲೆಯ ಮೇಲೆ ಬಿತ್ತು.

ಮತ್ತೆ ನೋಟಿನ ಹಿಂಬದಿಗೆ, ನಾರ್ವಾಗೆ ಬರುತ್ತೇನೆ. ಅಲ್ಲಿ ನದಿಯ ದ್ವೀಪದಲ್ಲಿ ಕ್ರೀನ್‌ಹೋಲ್ಮ್ ಎಂಬ ಹತ್ತಿ ಗಿರಣಿ ಇತ್ತು. 1857ರಲ್ಲಿ ಶುರುವಾದದ್ದು. ಜಲಪಾತದ ಬಲದಿಂದ ನಡೆಯುತ್ತಿತ್ತು. ಸೋವಿಯತ್ ಕಾಲದಲ್ಲಿ ಮಧ್ಯ ಏಷ್ಯದಿಂದ ಹತ್ತಿ ಬರುತ್ತಿತ್ತು, ಬಟ್ಟೆ ಒಕ್ಕೂಟದ ಉದ್ದಗಲಕ್ಕೂ ಹೋಗುತ್ತಿತ್ತು. ಸಾವಿರಾರು ಹೆಂಗಸರು ಅಲ್ಲಿ ದುಡಿದರು. ಗಡಿ ಬಂತು, ಹೊಸ ನಾಣ್ಯ ಬಂತು. ಹತ್ತಿಗೆ ಜಗತ್ತಿನ ಬೆಲೆ ಕೊಡಬೇಕಾಯಿತು. ಬಟ್ಟೆ ಕೊಳ್ಳುತ್ತಿದ್ದವರು ಪರದೇಶದವರಾದರು. ಗಿರಣಿಯನ್ನು ಸ್ವೀಡನ್ನಿನ ಕಂಪನಿ ಕೊಂಡಿತು, ಕೆಲವು ಕಾಲ ನಡೆಸಿತು. 2010ರಲ್ಲಿ ಗಿರಣಿ ದಿವಾಳಿಯಾಯಿತು. ರಾಜಧಾನಿ ಟಾಲಿನ್‌ನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದಾಗ ನಾರ್ವಾದಲ್ಲಿ ಕೆಂಪು ಇಟ್ಟಿಗೆಯ ಕಟ್ಟಡಗಳು ಖಾಲಿಯಾಗುತ್ತಿದ್ದವು. ಅಲ್ಲಿನವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ರಷ್ಯನ್ ಮಾತಾಡುವವರು. ಗೋಕಾಕದ ಜಲಪಾತದ ಪಕ್ಕದ ಹತ್ತಿ ಗಿರಣಿಯನ್ನು ಕಂಡವರಿಗೆ ನಾರ್ವಾದ ಚಿತ್ರ ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ಅದೇ ನೀರು, ಅದೇ ಕಲ್ಲು, ಅದೇ ನೂಲು. ಗಿರಣಿಯ ಸಿಳ್ಳೆಗೆ ಏಳುತ್ತಿದ್ದ ಊರಿನಲ್ಲಿ ಒಂದು ದಿನ ಸಿಳ್ಳೆಯೇ ಕೇಳದಿದ್ದರೆ ಹೇಗಿರುತ್ತದೆ ಅಂತ ಗಿರಣಿ ಊರಿನವರನ್ನೇ ಕೇಳಬೇಕು.

ಕ್ರೋನ್ ಮಾತ್ರ ಕದಲಲಿಲ್ಲ. ಹದಿನೆಂಟು ವರ್ಷಕ್ಕೂ ಜಾಸ್ತಿ ಅದೇ ದರ. 2011ರ ಜನವರಿ 1ರಂದು ಯೂರೋ ಬಂದಾಗ ಒಂದು ಯೂರೋಗೆ 15.6466 ಕ್ರೋನ್ ಅಂತ ನಿಗದಿಯಾಯಿತು. ವಿಚಿತ್ರ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ಯೂರೋ ಅಂದರೆ 1.95583 ಜರ್ಮನ್ ಮಾರ್ಕ್. ಅದನ್ನು ಎಂಟರಿಂದ ಗುಣಿಸಿ ನೋಡಿ. 1992ರ ಆ ಎಂಟೇ ಅದರೊಳಗೆ ಕೂತಿದೆ.

ಹಳೆಯ ಕ್ರೋನ್ ಇಟ್ಟುಕೊಂಡವರು ಟಾಲಿನ್‌ನಲ್ಲಿರುವ ಕೇಂದ್ರ ಬ್ಯಾಂಕಿಗೆ ಹೋದರೆ ಇಂದಿಗೂ ಅದೇ ದರದಲ್ಲಿ ಬದಲಿಸಿ ಕೊಡುತ್ತಾರೆ. ಇಷ್ಟು ದಿನದೊಳಗೆ ಅಂತ ಗಡುವು ಇಲ್ಲ. ನನ್ನ ಮುಂದಿರುವ ಈ ಐದರ ನೋಟಿಗೆ 32 ಸೆಂಟ್ ಬರುತ್ತದೆ.

ನಮಸ್ಕಾರ.