ಮೂರು ಲೋಟ ಕಾಫಿ, ಎರಡು ಪ್ರಶ್ನೆ

ಕೇಳುಗರೇ, ನಮಸ್ಕಾರ.

ಮೇಜಿನ ಮೇಲೆ ಮೂರು ಲೋಟ ಕಾಫಿ ಇದೆ ಅಂದುಕೊಳ್ಳಿ. ಎರಡರಲ್ಲಿ ಸಕ್ಕರೆ ಸಮ, ಒಂದರಲ್ಲಿ ಚೂರು ಹೆಚ್ಚು. ‘ಬೇರೆ ರುಚಿಯದು ಯಾವುದು?’ ಎಂದು ಕೇಳಿದರೆ ಅದು ತ್ರಿಕೋನ ಪರೀಕ್ಷೆ. ‘ಹೆಚ್ಚು ಸಿಹಿ ಯಾವುದು?’ ಎಂದರೆ ಅದೇ ಬೇರೆ ಪರೀಕ್ಷೆ. ಸುಮ್ಮನೆ ಊಹಿಸಿದರೂ ಎರಡರಲ್ಲೂ ಮೂರಕ್ಕೊಂದು ಸರಿಯಾಗುತ್ತದೆ. ಆದರೆ ಅದೇ ಕಾಫಿ, ಅದೇ ನಾಲಿಗೆ ಇದ್ದರೂ ಎರಡನೆಯ ಪ್ರಶ್ನೆಗೇ ಸರಿಯುತ್ತರ ಹೆಚ್ಚು.

ಇದು ಹೇಗೆ? 1970ರಲ್ಲಿ ಸಂಖ್ಯಾಶಾಸ್ತ್ರಜ್ಞ ಗ್ರಿಡ್ಜ್‌ಮನ್ ಇದನ್ನೊಂದು ವಿರೋಧಾಭಾಸ ಎಂದೇ ಕರೆದರು. 1979ರಲ್ಲಿ ರುಚಿ ಪರೀಕ್ಷೆಗಳ ಸಂಶೋಧಕ ಫ್ರೈಟರ್ಸ್ ಗಂಟು ಬಿಡಿಸಿದರು. ಅದಕ್ಕೆ ಬಳಸಿದ್ದು ಮನೋವಿಜ್ಞಾನಿ ಥರ್ಸ್ಟನ್ 1927ರಲ್ಲಿ ಕೊಟ್ಟ ಮಾದರಿಯನ್ನು.

ಒಂದೇ ಲೋಟದ ಎರಡು ಗುಟುಕೂ ಅಷ್ಟೇ ಸಿಹಿ ಅನ್ನಿಸುವುದಿಲ್ಲ. ಅನುಭವ ಸ್ವಲ್ಪ ಮೇಲೆ ಕೆಳಗೆ ತೂಗಾಡುತ್ತದೆ. ಗ್ರಾಫಿನಲ್ಲಿ ಬರೆದರೆ ಗಂಟೆಯಾಕಾರದ ರೇಖೆ ಬರುತ್ತದೆ. ಎರಡು ಬಗೆಯ ಕಾಫಿಗೆ ಅಂಥ ಎರಡು ರೇಖೆ. ಅವುಗಳ ನಡುವಿನ ದೂರವನ್ನು ಆ ತೂಗಾಟದ ಅಳತೆಗೋಲಿನಲ್ಲೇ, ಅಂದರೆ ಪ್ರಮಾಣ ವಿಚಲನೆಯಲ್ಲಿ, ಅಳೆದರೆ ಸಿಗುವ ಸಂಖ್ಯೆಗೆ ಡಿ-ಪ್ರೈಮ್ ಎಂದು ಹೆಸರು.

ಡಿ-ಪ್ರೈಮ್ 1 ಇದ್ದಾಗ ‘ಹೆಚ್ಚು ಸಿಹಿ’ ಪ್ರಶ್ನೆಗೆ ನೂರಕ್ಕೆ ಸುಮಾರು 63 ಸರಿ. ತ್ರಿಕೋನದಲ್ಲಿ ಬರೀ 42. ಸಿಹಿ ಲೋಟ ಉಳಿದೆರಡನ್ನು ಮೀರಿದರೆ ‘ಹೆಚ್ಚು ಸಿಹಿ’ ಪ್ರಶ್ನೆಗೆ ಅಷ್ಟೇ ಸಾಕು. ತ್ರಿಕೋನದಲ್ಲಿ ಹಾಗಲ್ಲ, ಸಮ ಸಕ್ಕರೆಯ ಎರಡು ಲೋಟಗಳು ಒಂದಕ್ಕೊಂದು ಹತ್ತಿರವಾಗಿಯೇ ಅನ್ನಿಸಬೇಕು. ಅವುಗಳಲ್ಲೊಂದು ಆ ಗುಟುಕಿಗೆ ತೀರಾ ಸಪ್ಪೆ ಅನ್ನಿಸಿತೋ, ಉಳಿದೆರಡು ಜೋಡಿಯಾಗಿ ಬಿಡುತ್ತವೆ, ಸಪ್ಪೆಯದೇ ‘ಬೇರೆ’ ಆಗುತ್ತದೆ.

30 ಜನರನ್ನು ಕೂರಿಸಿದರೆ, ಐದು ಶೇಕಡಾ ಮಟ್ಟದಲ್ಲಿ, ಅಂದರೆ ಬರೀ ಊಹೆಯಿಂದಲೇ ಅಷ್ಟು ಸರಿಯಾಗುವ ಸಾಧ್ಯತೆ ನೂರಕ್ಕೆ ಐದನ್ನು ಮೀರದಂತೆ, ವ್ಯತ್ಯಾಸವಿದೆ ಎನ್ನಲು 15 ಸರಿಯುತ್ತರ ಬೇಕು. ಮೇಲಿನ ಕಾಫಿಗೆ ತ್ರಿಕೋನದಲ್ಲಿ ನಿರೀಕ್ಷಿಸಬಹುದಾದ್ದು 12–13, ಇನ್ನೊಂದರಲ್ಲಿ 19. ತ್ರಿಕೋನ ನಂಬಿದವರು ‘ವ್ಯತ್ಯಾಸವಿಲ್ಲ’ ಎಂದು ಬರೆದುಕೊಳ್ಳುವುದು ಹೀಗೆ. ಅವರು ಹೇಳಬೇಕಾದದ್ದು ‘ಸಿಕ್ಕಲಿಲ್ಲ’ ಎಂದಷ್ಟೇ.

ಹಾಗಂತ ತ್ರಿಕೋನವನ್ನು ಬಿಸಾಡುವಂತಿಲ್ಲ. ಬದಲಾದದ್ದು ಸಕ್ಕರೆ ಎಂದು ಗೊತ್ತಿದ್ದರೆ ‘ಸಿಹಿ ಯಾವುದು’ ಎನ್ನಿ. ಚಿಕೋರಿಯನ್ನೇ ಬದಲಿಸಿ, ಕಹಿ ಏರಿತೋ ಘಮ ಇಳಿಯಿತೋ ತಿಳಿಯದಿದ್ದಾಗ ತ್ರಿಕೋನವೇ ಗತಿ. ಜನ ಮಾತ್ರ ಹೆಚ್ಚು ಬೇಕು.

ಲೋಟಗಳಿಗೆ ಮೂರಂಕಿಯ ಗುರುತು ಹಾಕಿ. ತ್ರಿಕೋನದಲ್ಲಿ ಬೇರೆ ಲೋಟ ಹೆಚ್ಚು ಸಿಹಿಯದೂ ಆಗಬಹುದು, ಕಡಿಮೆ ಸಿಹಿಯದೂ ಆಗಬಹುದು, ಹಾಗಾಗಿ ಜೋಡಣೆಯ ಕ್ರಮ ಆರು, ಒಂದೊಂದು ಕ್ರಮಕ್ಕೆ ಐದು ಜನ. ನಡುವೆ ಬಾಯಿ ಮುಕ್ಕಳಿಸಲು ನೀರಿರಲಿ. ಹಿಂದಿನ ಸಿಹಿ ಮುಂದಿನದನ್ನು ಮಂಕಾಗಿಸುತ್ತದೆ. ಬಿಸಿಯೂ ಒಂದೇ ಇರಬೇಕು. ಬೇರೆ ಲೋಟವನ್ನು ಕೊನೆಯಲ್ಲಿ ಸುರಿದಿದ್ದರೆ ಡಿ-ಪ್ರೈಮ್ ಚೆನ್ನಾಗಿಯೇ ಬರುತ್ತದೆ, ಆದರೆ ನಾಲಿಗೆ ಅಳೆದದ್ದು ಸಕ್ಕರೆಯನ್ನಲ್ಲ, ಬಿಸಿಯನ್ನು.